ಯುಸ್ರಾ ಕಂಡ ಹಲ್ಲು

ಗವಿಯೊಳಗೆ ಅಗೆದ ಮಣ್ಣು ಜರಡಿಗೆ ಹೋಗುವ ಮೊದಲು ಯುಸ್ರಾ ಅವರ ಕಣ್ಣು ದಾಟಬೇಕಿತ್ತು. ಚಕಮಕಿ ಕಲ್ಲಿನ ಅಲಗು, ಜಿಂಕೆಯ ದವಡೆ, ಸುಟ್ಟ ಮೂಳೆಯ ತುಣುಕು, ಹೀಗೆ ಎತ್ತಿಡಬೇಕಾದುದನ್ನೆಲ್ಲ ಕೈಯಿಂದಲೇ ಆರಿಸುವುದು ಅವರ ಪಾಲಿನ ಕೆಲಸ. ಮೊರದ ಮುಂದೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಿದವರಿಗೆ ಅದರ ಕಷ್ಟ ಅರ್ಧ ಗೊತ್ತಾದೀತು. ಇನ್ನರ್ಧ ಏನೆಂದರೆ, ಇಲ್ಲಿ ಬಿಸಾಡಬೇಕಾದದ್ದೂ ಕಲ್ಲೇ, ಎತ್ತಿಟ್ಟುಕೊಳ್ಳಬೇಕಾದದ್ದೂ ಕಲ್ಲೇ. ಎರಡರ ನಡುವಿನ ವ್ಯತ್ಯಾಸ ಕಾಣಲು ಕಣ್ಣು ಪಳಗಿರಬೇಕು. ಪ್ಯಾಲೆಸ್ತೀನಿನ ಕಾರ್ಮೆಲ್ ಬೆಟ್ಟದ ಬುಡದ ಹಳ್ಳಿಯಿಂದ ಬರುತ್ತಿದ್ದ ಯುಸ್ರಾ ಅವರ ಕಣ್ಣು ವರ್ಷಗಳಿಂದ ಪಳಗಿತ್ತು.

1932ರಲ್ಲಿ ತಬೂನ್ ಗವಿಯ ಮಣ್ಣಿನಲ್ಲಿ ಅವರಿಗೊಂದು ಹಲ್ಲು ಕಂಡಿತು. ಪ್ರಾಣಿಯದ್ದಲ್ಲ, ಮನುಷ್ಯರದ್ದು. ಅಗೆತ ನಿಂತಿತು. ಹಲ್ಲು ಸಿಕ್ಕ ಜಾಗದ ಸುತ್ತ ಮೆಲ್ಲಗೆ ಮಣ್ಣು ಬಿಡಿಸಿದಾಗ, ಸಾವಿರಾರು ವರ್ಷಗಳ ಭಾರಕ್ಕೆ ರೊಟ್ಟಿಯಂತೆ ಚಪ್ಪಟೆಯಾದ ಒಂದು ತಲೆಬುರುಡೆ ಹೊರಬಂತು. ಅದರ ಹಿಂದೆಯೇ ಮೈಯ ಎಲುಬುಗಳೂ ಬಂದವು. ಕುಳ್ಳಗಿನ, ಪ್ರಾಯದ ಹೆಂಗಸು. ನಿಯಾಂಡರ್ತಾಲ್ ಜನಕ್ಕೆ ಸೇರಿದವಳು. ‘ತಬೂನ್-1’ ಎಂಬ ಹೆಸರಿನಲ್ಲಿ ಇವತ್ತಿಗೂ ಮಾನವ ವಿಕಾಸದ ಯಾವ ದಪ್ಪ ಪುಸ್ತಕವನ್ನು ತೆರೆದರೂ ಆಕೆ ಸಿಗುತ್ತಾಳೆ. ಉತ್ಖನನ ನಡೆಸಿದ ಡೊರೊಥಿ ಗ್ಯಾರೊಡ್ ಅವರ ಹೆಸರೂ ಪಕ್ಕದಲ್ಲೇ ಇರುತ್ತದೆ. ಯುಸ್ರಾ ಅವರ ಹೆಸರು ಮಾತ್ರ ನಮಗೆ ಉಳಿದದ್ದು ಮುಖ್ಯವಾಗಿ ಅಂದು ಅಲ್ಲಿ ವಿದ್ಯಾರ್ಥಿನಿಯಾಗಿದ್ದ ಜಾಕೆಟ್ಟಾ ಹಾಕ್ಸ್ ಅವರ ನೆನಪಿನಿಂದ. ಗ್ಯಾರೊಡ್ ಅವರ ಬದುಕನ್ನು ಬರೆಯಲು ಕೂತಾಗ ನನಗೆ ಈ ಹಲ್ಲನ್ನು ದಾಟಿ ಮುಂದೆ ಹೋಗಲು ಆಗಲಿಲ್ಲ. ಅದಕ್ಕೇ ಇಲ್ಲಿಂದ ಶುರುಮಾಡಿದೆ.

ಗ್ಯಾರೊಡ್ ಹುಟ್ಟಿದ್ದು 1892ರ ಮೇ 5ರಂದು, ಲಂಡನ್ನಿನಲ್ಲಿ. ಮನೆಯಲ್ಲಿ ವೈದ್ಯವಿದ್ಯೆ ಪರಂಪರೆಯಾಗಿ ಬಂದಿತ್ತು. ಅಜ್ಜ ಆಲ್ಫ್ರೆಡ್ ಬೇರಿಂಗ್ ಗ್ಯಾರೊಡ್ ಗೌಟ್ ಕಾಯಿಲೆಯ ಮೂಲ ಹುಡುಕಿದವರು. ತಂದೆ ಆರ್ಚಿಬಾಲ್ಡ್ ಗ್ಯಾರೊಡ್, ಕೆಲವು ಕಾಯಿಲೆಗಳು ಹುಟ್ಟಿನಿಂದಲೇ, ವಂಶದಿಂದಲೇ ಮೈಗೆ ಬರುತ್ತವೆ ಎಂದು ತೋರಿಸಿಕೊಟ್ಟವರು. ಇಂಥ ಮನೆಯಲ್ಲಿ ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳು 1913ರಲ್ಲಿ ಕೇಂಬ್ರಿಜ್‌ನ ನ್ಯೂನಮ್ ಕಾಲೇಜಿಗೆ ಇತಿಹಾಸ ಓದಲು ಸೇರಿದರು. ಮರುವರ್ಷವೇ ಮೊದಲ ಮಹಾಯುದ್ಧ. ಇಬ್ಬರು ಸೋದರರು ಯುದ್ಧದಲ್ಲಿ ಸತ್ತರು. ಮೂರನೆಯವರು ಯುದ್ಧ ಮುಗಿದ ಮೇಲೂ ಮನೆಗೆ ಬರಲಿಲ್ಲ. 1919ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ, ಆ ವರ್ಷಗಳ ಮಹಾ ಇನ್‌ಫ್ಲುಯೆಂಜಾಕ್ಕೆ ಬಲಿಯಾದರು.

ನಾಲ್ಕು ಮಕ್ಕಳಿದ್ದ ಮನೆಯಲ್ಲಿ ಉಳಿದದ್ದು ಒಬ್ಬರೇ. ಆ ದುಃಖದ ಬಗ್ಗೆ ಗ್ಯಾರೊಡ್ ಬಹಿರಂಗವಾಗಿ ಆಡಿದ್ದು ಬಹಳ ಕಡಿಮೆ. ತನ್ನದೆಂಬ ಒಂದು ಗಟ್ಟಿ ಕೆಲಸ ಮಾಡಿ ಅಪ್ಪನ ಪಾಲಿನ ಆ ಖಾಲಿಯನ್ನು ಒಂದಿಷ್ಟಾದರೂ ತುಂಬಬೇಕು ಎಂದು ಅವರು ಆಗ ನಿಶ್ಚಯಿಸಿದರೆಂದು ಅವರನ್ನು ಬಲ್ಲವರು ಹೇಳುತ್ತಿದ್ದರು. ಯುದ್ಧಕಾಲದಲ್ಲಿ ತಂದೆ ಮಾಲ್ಟಾದ ಸೇನಾ ಆಸ್ಪತ್ರೆಗಳನ್ನು ನೋಡಿಕೊಳ್ಳುತ್ತಿದ್ದರು. ಅಲ್ಲಿಗೆ ಹೋದ ಮಗಳು ದ್ವೀಪದ ಹಳೆಯ ಕಲ್ಲುಗುಡಿಗಳನ್ನು ಕಂಡರು. ಮನಸ್ಸು ಅತ್ತ ವಾಲಿತು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಮ್ಯಾರೆಟ್ ಎಂಬ ಮಾನವಶಾಸ್ತ್ರಜ್ಞರ ಬಳಿ ಡಿಪ್ಲೊಮಾ ಮುಗಿಸಿದ್ದು 1921ರಲ್ಲಿ. ಅಲ್ಲಿಂದ ಪ್ಯಾರಿಸ್. ಶಿಲಾಯುಗದ ಯುರೋಪನ್ನು ಓದಬೇಕೆಂದವರಿಗೆ ಆ ಕಾಲದಲ್ಲಿ ಒಬ್ಬರೇ ಗುರು: ಪಾದ್ರಿಯೂ ಆಗಿದ್ದ ಆಂರಿ ಬ್ರೂಯ್. ಗವಿಚಿತ್ರಗಳನ್ನು ಕಂದೀಲಿನ ಬೆಳಕಲ್ಲಿ ನಕಲು ಮಾಡುತ್ತ ಅರ್ಧ ಆಯುಷ್ಯವನ್ನು ನೆಲದಡಿಯಲ್ಲೇ ಕಳೆದ ಮನುಷ್ಯ. ಅವರ ಬಳಿ ಎರಡು ವರ್ಷ ಕಲಿತು ಬಂದ ಗ್ಯಾರೊಡ್, ಬ್ರಿಟನ್ನಿನ ಮ್ಯೂಸಿಯಮ್ಮುಗಳಲ್ಲೂ ಖಾಸಗಿ ಕಪಾಟುಗಳಲ್ಲೂ ಚದುರಿಬಿದ್ದಿದ್ದ ಕಲ್ಲಿನ ಆಯುಧಗಳನ್ನೆಲ್ಲ ಒಂದೊಂದಾಗಿ ನೋಡಿ, 1926ರಲ್ಲಿ ಬ್ರಿಟನ್ನಿನ ಹಳೆ ಶಿಲಾಯುಗದ ಕೊನೆಯ ಘಟ್ಟದ ಬಗ್ಗೆ ಮೊದಲ ಸಮಗ್ರ ಪುಸ್ತಕ ಪ್ರಕಟಿಸಿದರು.

ಪುಸ್ತಕ ಅಚ್ಚಾಗುವ ಹೊತ್ತಿಗೆ ಅವರು ಜಿಬ್ರಾಲ್ಟರ್‌ನಲ್ಲಿ ಮಣ್ಣಿಗಿಳಿದಾಗಿತ್ತು.

ಜಿಬ್ರಾಲ್ಟರ್ ಎಂದರೆ ಸ್ಪೇನಿನ ದಕ್ಷಿಣ ತುದಿಯಲ್ಲಿ ಸಮುದ್ರದಿಂದ ನೆಟ್ಟಗೆ ಎದ್ದು ನಿಂತ ಒಂದು ಸುಣ್ಣಕಲ್ಲಿನ ಗುಡ್ಡ. ಈ ಗುಡ್ಡಕ್ಕೆ ಒಂದು ಹಳೆಯ ಅನ್ಯಾಯವಾಗಿತ್ತು. 1848ರಲ್ಲಿ ಅಲ್ಲಿನ ಫೋರ್ಬ್ಸ್ ಕಲ್ಲುಗಣಿಯಲ್ಲಿ ಸಿಕ್ಕ ಒಂದು ತಲೆಬುರುಡೆಯನ್ನು ಸೇನಾಧಿಕಾರಿಯೊಬ್ಬರು ಸ್ಥಳೀಯ ವಿಜ್ಞಾನ ಸಂಘದ ಸಭೆಗೆ ತಂದು ಒಪ್ಪಿಸಿದ್ದರು. ಸಂಘದವರು ಅದನ್ನು ತೆಗೆದಿಟ್ಟು ಮರೆತರು. ಎಂಟು ವರ್ಷಗಳ ನಂತರ, 1856ರಲ್ಲಿ, ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ಅಂಥದೇ ಎಲುಬುಗಳು ಸಿಕ್ಕವು. ಒಂದು ಇಡೀ ಮಾನವ ಕುಲಕ್ಕೆ ಆ ಕಣಿವೆಯ ಹೆಸರು ಬಂತು. ಜಿಬ್ರಾಲ್ಟರ್‌ನ ಬುರುಡೆಯನ್ನು ಯಾರಾದರೂ ತಿರುಗಿಸಿ ನೋಡಿದ್ದರೆ ನಾವಿವತ್ತು ಅವರನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದೆವು. ಆ ಬುರುಡೆ ಹೆಂಗಸಿನದೆಂದು ಈಚೆಗೆ ಡಿಎನ್‌ಎ ಪರೀಕ್ಷೆ ಹೇಳಿದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಜಿಬ್ರಾಲ್ಟರ್‌ಗೆ ಬಂದಿದ್ದ ಬ್ರೂಯ್, ಗುಡ್ಡದ ಉತ್ತರದ ಕಡಿದಾದ ಮುಖದ ಬುಡದಲ್ಲಿ, ಡೆವಿಲ್ಸ್ ಟವರ್ ಎಂಬ ಹಳೆ ಕಾವಲು ಗೋಪುರದ ಪಕ್ಕ, ಒಂದು ಬಂಡೆಯಾಸರೆ ಕಂಡಿದ್ದರು. ಇಲ್ಲಿ ಅಗೆದರೆ ಏನಾದರೂ ಸಿಗುತ್ತದೆ ಎಂದು ಶಿಷ್ಯೆಗೆ ಹೇಳಿದರು. 1925ರ ಕೊನೆಯಲ್ಲಿ ಗ್ಯಾರೊಡ್ ಅಗೆತ ಶುರುಮಾಡಿದರು. ಜಾಗ ಇಕ್ಕಟ್ಟು. ಬಂಡೆಯ ಬಿರುಕಿನಲ್ಲಿ ಗಾಳಿ ತಂದು ಸುರಿದ ಮರಳು, ಹಳೆಯ ಸಮುದ್ರತೀರದ ಗಟ್ಟಿ ಪದರ, ಬೂದಿ, ಪ್ರಾಣಿಗಳ ಎಲುಬು, ಚಕಮಕಿ ಕಲ್ಲಿನ ಹತಾರಗಳು. 1926ರಲ್ಲಿ ಆ ಪದರಗಳೊಳಗಿಂದ ಒಂದು ಮಗುವಿನ ಬುರುಡೆಯ ಚೂರುಗಳು ಹೊರಬಂದವು. ಹಣೆಯ ಮೂಳೆ, ಎಡಪಕ್ಕದ ನೆತ್ತಿಮೂಳೆ, ಕಿವಿಯ ಬಳಿಯ ಮೂಳೆ, ಮೇಲ್ದವಡೆಯ ಒಂದು ತುಂಡು, ಕೆಳದವಡೆ. ಐದೇ ಚೂರು.

ಮಗುವಿನ ಬುರುಡೆಗೆ ಏಕೆ ಅಷ್ಟು ಬೆಲೆ ಎಂದು ಕೇಳಬಹುದು. ಅಲ್ಲಿಯವರೆಗೆ ಜನ ನಿಯಾಂಡರ್ತಾಲರನ್ನು ಕಲ್ಪಿಸಿಕೊಳ್ಳುತ್ತಿದ್ದದ್ದು ದೊಡ್ಡವರ ಎಲುಬಿನಿಂದ: ಹುಬ್ಬಿನ ಮೇಲೆ ದಪ್ಪ ಏಣು, ಹಿಂದಕ್ಕೆ ಜಾರಿದ ಹಣೆ, ಗದ್ದವಿಲ್ಲದ ಮುಖ. ಮೃಗಕ್ಕೆ ಹತ್ತಿರದ ಒಂದು ಚಿತ್ರ. ಈ ಮಗುವಿನ ಹಣೆಯಲ್ಲಾದರೋ ಆ ಏಣು ಇನ್ನೂ ಮೂಡಿರಲಿಲ್ಲ. ಅಷ್ಟು ಸಣ್ಣ ವಯಸ್ಸಿಗೇ ಮಿದುಳಿನ ಗಾತ್ರ ಇಂದಿನ ದೊಡ್ಡವರೊಬ್ಬರ ಮಿದುಳಿನ ಹತ್ತಿರ ಬಂದಿತ್ತು. ಚೂರುಗಳನ್ನು ಜೋಡಿಸಿ ಇಟ್ಟಾಗ ಎದುರಿಗೆ ಮೂಡಿದ್ದು ದುಂಡು ತಲೆಯ ಒಂದು ಕೂಸಿನ ಮುಖ.

ಆ ಕೂಸಿಗೆ ಐದು ವರ್ಷ ಇದ್ದೀತು ಎಂದು ಮೊದಲು ಅಂದಾಜು ಮಾಡಿದರು. ಚೂರುಗಳು ಒಂದಲ್ಲ, ಎರಡು ಮಕ್ಕಳವು ಎಂಬ ವಾದವೂ ಮುಂದೆ ಬಂತು. 1986ರಲ್ಲಿ ಮೂವರು ವಿಜ್ಞಾನಿಗಳು ಇನ್ನೂ ದವಡೆಯಿಂದ ಮೇಲೆ ಬರದಿದ್ದ ಮುಂಬಲ್ಲನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಹಲ್ಲಿನ ಎನಾಮಲ್ ಬೆಳೆಯುವಾಗ ಸುಮಾರು ವಾರಕ್ಕೊಂದರಂತೆ ಸಣ್ಣ ಗೆರೆಗಳು ಮೂಡುತ್ತವೆ. ಮರದ ಕಾಂಡದಲ್ಲಿ ವರ್ಷದ ಬಳೆ ಮೂಡಿದಂತೆ. ಆ ಗೆರೆಗಳನ್ನು ಒಂದೊಂದಾಗಿ ಎಣಿಸಿದಾಗ, ವಯಸ್ಸು ಮೂರರ ಆಸುಪಾಸು ಎಂಬ ಲೆಕ್ಕ ಬಂತು. ಆ ಲೆಕ್ಕದಲ್ಲಿ ಎರಡು ಮಕ್ಕಳ ಅಗತ್ಯ ಬೀಳಲಿಲ್ಲ, ಒಂದೇ ಮಗು ಸಾಕಾಯಿತು. ಇನ್ನೂ ಈಚೆಗೆ, 2019ರಲ್ಲಿ, ಬುರುಡೆಯೊಳಗೆ ಉಳಿದಿದ್ದ ಡಿಎನ್‌ಎಯ ಚೂರುಪಾರು ಓದಿ ಅದು ಗಂಡುಮಗು ಎಂದು ಕಂಡುಕೊಂಡರು. ಗ್ಯಾರೊಡ್ ಅಷ್ಟು ಎಚ್ಚರದಿಂದ ಪದರ ಪದರವಾಗಿ ಬಿಡಿಸಿ, ಯಾವ ಚೂರು ಯಾವ ಪದರದಲ್ಲಿ ಸಿಕ್ಕಿತೆಂದು ಬರೆದಿಟ್ಟಿದ್ದರಿಂದಲೇ ಅರವತ್ತು, ತೊಂಬತ್ತು ವರ್ಷಗಳ ನಂತರ ಬಂದವರಿಗೂ ಆ ಮಗುವನ್ನು ಹೊಸದಾಗಿ ಪ್ರಶ್ನೆ ಕೇಳಲು ಸಾಧ್ಯವಾಯಿತು. ಅಗೆಯುವುದು ಒಂದು ಸಲ ಮಾತ್ರ ಮಾಡಬಹುದಾದ ಕೆಲಸ. ತೆಗೆದ ಮಣ್ಣನ್ನು ಯಾರೂ ಮೊದಲಿದ್ದಂತೆ ಹಾಕಲಾರರು.

ಈ ಎಚ್ಚರವೇ 1927ರಲ್ಲಿ ಅವರನ್ನು ಒಂದು ರಂಪಕ್ಕೂ ಎಳೆಯಿತು. ಫ್ರಾನ್ಸಿನ ವಿಷಿ ಪಟ್ಟಣದ ಬಳಿ ಗ್ಲೋಝೆಲ್ ಎಂಬ ಹಳ್ಳಿಯ ಹೊಲದಲ್ಲಿ ಅಕ್ಷರ ಕೊರೆದ ಮಣ್ಣಿನ ಹಲಗೆಗಳು, ವಿಚಿತ್ರ ಮಡಕೆಗಳು ಸಿಗುತ್ತಿವೆ ಎಂಬ ಸುದ್ದಿಗೆ ಇಡೀ ಫ್ರಾನ್ಸ್ ಎರಡು ಹೋಳಾಗಿತ್ತು. ನಿಜ ಏನೆಂದು ನೋಡಲು ಅಂತರರಾಷ್ಟ್ರೀಯ ಸಮಿತಿ ರಚನೆಯಾಯಿತು. ಅದರಲ್ಲಿ ಗ್ಯಾರೊಡ್ ಕೂಡ ಒಬ್ಬರು. ನವೆಂಬರಿನಲ್ಲಿ ಮೂರು ದಿನ ಅಗೆದರು. ಒಂದು ಬೆಳಿಗ್ಗೆ, ರಾತ್ರಿ ಯಾರೂ ಮಣ್ಣು ಮುಟ್ಟಿಲ್ಲವೆಂದು ಪರೀಕ್ಷಿಸಲು ಹೋದ ಗ್ಯಾರೊಡ್ ಅವರೇ ಮಣ್ಣಿನ ಗೋಡೆಯಲ್ಲಿ ಬೆರಳಿಂದ ತೂತು ಮಾಡಿದರು ಎಂಬ ಆರೋಪ ಎದುರಿಸಬೇಕಾಯಿತು. ಆ ವಸ್ತುಗಳು ಪ್ರಾಚೀನವಲ್ಲ ಎಂದು ಸಮಿತಿ ವರದಿ ಕೊಟ್ಟಿತು. ಬೈಗುಳ ವರ್ಷಗಳ ಕಾಲ ಬೆನ್ನಟ್ಟಿತು. ಗ್ಯಾರೊಡ್ ಆ ಪ್ರಸಂಗದ ನೆನಪನ್ನು ಪತ್ರಿಕೆಗೆ ಬರೆದದ್ದು ನಾಲ್ಕು ದಶಕಗಳ ನಂತರ, ತಾವು ತೀರಿಕೊಂಡ ವರ್ಷದಲ್ಲಿ.

1928ರಲ್ಲಿ ಅವರ ದಾರಿ ಪೂರ್ವಕ್ಕೆ ತಿರುಗಿತು. ಯುರೋಪಿನ ಗವಿಗಳಲ್ಲಿ ಕಂಡ ಜನ ಎಲ್ಲಿಂದ ಬಂದರು ಎಂಬ ಪ್ರಶ್ನೆಗೆ ಉತ್ತರ ಯುರೋಪಿನೊಳಗೆ ಸಿಗದು ಎಂದು ಅವರಿಗೆ ಖಾತ್ರಿಯಾಗಿತ್ತು. ಆಗ ಹೆಚ್ಚಿನ ವಿದ್ವಾಂಸರಿಗೆ ಶಿಲಾಯುಗವೆಂದರೆ ಫ್ರಾನ್ಸ್. ಉಳಿದ ಜಗತ್ತನ್ನು ಫ್ರಾನ್ಸಿನ ಅಳತೆಗೋಲಿನಿಂದಲೇ ಅಳೆಯುತ್ತಿದ್ದರು. ಗ್ಯಾರೊಡ್ ಕುರ್ದಿಸ್ತಾನದ ಸುಲೈಮಾನಿಯಾ ಬಳಿಯ ಗವಿಗಳಿಗೆ ಹೋದರು. ಪ್ಯಾಲೆಸ್ತೀನಿನ ಶುಕ್ಬಾ ಗವಿಗೆ ಹೋದರು. ಆ ಗವಿಯಿರುವ ನತೂಫ್ ಕಣಿವೆಯ ಹೆಸರಿನಲ್ಲಿ ‘ನತೂಫಿಯನ್’ ಎಂಬ ಒಂದು ಸಂಸ್ಕೃತಿಯನ್ನೇ ಗುರುತಿಸಿದರು.

ಕಾರ್ಮೆಲ್ ಬೆಟ್ಟ ಅವರ ಪಾಲಿಗೆ ಬಂದದ್ದು ಒಂದು ಬಂದರಿನ ದೆಸೆಯಿಂದ. ಬ್ರಿಟಿಷ್ ಆಡಳಿತ ಹೈಫಾದಲ್ಲಿ ಹೊಸ ಬಂದರು ಕಟ್ಟಲು ಹೊರಟಿತ್ತು. ಅದಕ್ಕೆ ಸುಣ್ಣಕಲ್ಲು ಬೇಕು. ‘ವಾದಿ ಎಲ್-ಮುಘಾರಾ’, ಅಂದರೆ ಗವಿಗಳ ಕಣಿವೆ, ಕಲ್ಲುಗಣಿಯಾಗಿ ಪುಡಿಯಾಗುವುದರಲ್ಲಿತ್ತು. ಅದಕ್ಕೆ ಮುಂಚೆ ಒಮ್ಮೆ ನೋಡಿಬಿಡೋಣವೆಂದು ಪುರಾತತ್ವ ಇಲಾಖೆಯ ಲ್ಯಾಂಬರ್ಟ್ ಎಂಬವರು ಎಲ್-ವಾದ್ ಗವಿಯಲ್ಲಿ ಪರೀಕ್ಷಾ ಗುಂಡಿ ತೆಗೆದರು. ಮೂಳೆಯಲ್ಲಿ ಕೆತ್ತಿದ ಒಂದು ಪ್ರಾಣಿಯ ಆಕೃತಿ ಸಿಕ್ಕಿತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದೇ ಬೆಟ್ಟವನ್ನು ಉಳಿಸಿತು. ಕಲ್ಲು ಬೇರೆ ಕಡೆಯಿಂದ ತಂದರು.

1929ರಿಂದ 1934ರವರೆಗೆ ಏಳು ಹಂತಗಳಲ್ಲಿ, ಒಟ್ಟು 22 ತಿಂಗಳು ಗ್ಯಾರೊಡ್ ಅಲ್ಲಿ ಅಗೆದರು. ತಬೂನ್, ಎಲ್-ವಾದ್, ಸ್ಖುಲ್, ಮೂರೂ ಒಂದೇ ಕಣಿವೆಯ ಅಕ್ಕಪಕ್ಕದ ಜಾಗಗಳು. ಅರಬ್ಬಿಯಲ್ಲಿ ತಬೂನ್ ಎಂದರೆ ರೊಟ್ಟಿ ಸುಡುವ ಒಲೆ, ಸ್ಖುಲ್ ಎಂದರೆ ಆಡಿನ ಮರಿಗಳು. ಮೊದಲ ಹಂತದಲ್ಲಿ ಅವರ ಜತೆ ಇದ್ದ ಪರಿಣತರೆಲ್ಲ ಹೆಂಗಸರು. ಅಗೆಯುವ ಕೆಲಸಕ್ಕೂ ಹತ್ತಿರದ ಜಬಾ ಮತ್ತು ಇಜ್‌ಝಿಮ್ ಹಳ್ಳಿಗಳ ಹೆಂಗಸರನ್ನೇ ಹೆಚ್ಚಾಗಿ ತೆಗೆದುಕೊಂಡರು. ಬಂಡೆ ಎತ್ತುವಂಥ ಭಾರದ ಕೆಲಸಕ್ಕೆ ಕೆಲವು ಗಂಡಸರು. ಅದೇ ಹೆಂಗಸರು ವರ್ಷದಿಂದ ವರ್ಷಕ್ಕೆ ಬಂದರು. ಬಂದಂತೆ ಕಲಿತರು. ಯಾವುದು ಗುಂಡುಕಲ್ಲು, ಯಾವುದು ಮನುಷ್ಯ ಒಡೆದು ಮಾಡಿದ ಚಕ್ಕೆ ಎಂದು ಪಟ್ಟಣದ ವಿದ್ಯಾರ್ಥಿಗಳಿಗಿಂತ ಬೇಗ ಹೇಳಬಲ್ಲವರಾದರು.

ತಬೂನ್ ಗವಿಯ ಮಣ್ಣಿನ ರಾಶಿ ಸುಮಾರು 25 ಮೀಟರ್ ದಪ್ಪ. ಮೇಲಿನಿಂದ ಕೆಳಕ್ಕೆ ಎ, ಬಿ, ಸಿ ಎಂದು ಪದರಗಳಿಗೆ ಹೆಸರಿಡುತ್ತ ಗ್ಯಾರೊಡ್ ಜಿ ತನಕ ಇಳಿದರು. ಇಂದಿನ ಲೆಕ್ಕದಲ್ಲಿ ಆ ಕೆಳಗಿನ ಪದರಕ್ಕೆ ಐದು ಲಕ್ಷ ವರ್ಷಗಳ ವಯಸ್ಸು. ಮನುಷ್ಯರು ಒಂದೇ ಗವಿಗೆ ಲಕ್ಷಾಂತರ ವರ್ಷ ಮತ್ತೆ ಮತ್ತೆ ಬಂದು ಬೆಂಕಿ ಹಾಕಿಕೊಂಡ ದಾಖಲೆ ಅಷ್ಟು ಉದ್ದಕ್ಕೆ ಬೇರೆಲ್ಲೂ ಸುಲಭಕ್ಕೆ ಸಿಗುವಂಥದ್ದಲ್ಲ. ಪ್ರಾಣಿಗಳ ಎಲುಬೆಲ್ಲ ಲಂಡನ್ನಿನಲ್ಲಿದ್ದ ಡೊರೊಥಿಯಾ ಬೇಟ್ ಅವರ ಮೇಜಿಗೆ ಹೋದವು. ಶಾಲೆ-ಕಾಲೇಜಿನ ಓದು ಹೆಚ್ಚಿಲ್ಲದೆ ಬರೀ ಹಟದಿಂದ ಮ್ಯೂಸಿಯಮ್ಮಿನ ಕೆಲಸ ಗಿಟ್ಟಿಸಿಕೊಂಡಿದ್ದ ಬೇಟ್, ಪ್ರತಿ ಪದರದಲ್ಲೂ ಕಾಡಿನ ಜಿಂಕೆ ಎಷ್ಟು, ಬಯಲಿನ ಗೆಝೆಲ್ ಎಷ್ಟು ಎಂದು ಎಣಿಸಿದರು. ಜಿಂಕೆ ಹೆಚ್ಚಾದರೆ ಮಳೆ, ಮರ. ಗೆಝೆಲ್ ಹೆಚ್ಚಾದರೆ ಒಣಹವೆ. ಎರಡರ ಏರಿಳಿತವನ್ನು ಒಂದು ಗೆರೆಯಾಗಿ ಎಳೆದಾಗ ಆ ಬೆಟ್ಟದ ಹವಾಮಾನದ ಚರಿತ್ರೆಯೇ ಕಾಗದದ ಮೇಲೆ ಬಂತು. ಎಲುಬೆಣಿಸಿ ಮಳೆ ಓದುವ ವಿದ್ಯೆ ಇವತ್ತು ಎಲ್ಲ ಕಡೆ ಇದೆ. ಆ ಗೆರೆ ಅದರ ಮೊದಲ ಮಾದರಿಗಳಲ್ಲಿ ಒಂದು.

ಎಲ್-ವಾದ್‌ನಲ್ಲಿ ನತೂಫಿಯನ್ನರ ಸಮಾಧಿಗಳು ಸಿಕ್ಕವು. ಮೊಣಕಾಲು ಮಡಚಿ ಮಲಗಿಸಿದ ಹೆಣಗಳು. ಒಂದು ಬುರುಡೆಯ ಹಣೆಯ ಸುತ್ತ ಡೆಂಟಾಲಿಯಂ ಎಂಬ ಕಡಲ ಮೃದ್ವಂಗಿಯ ಕೊಳವೆಯಂಥ ಚಿಪ್ಪುಗಳು ಸಾಲುಸಾಲಾಗಿ ಅಂಟಿಕೊಂಡಿದ್ದವು. ದಾರ ಕರಗಿಹೋಗಿತ್ತು, ಕಟ್ಟಿದ ಕ್ರಮ ಮಾತ್ರ ಹಾಗೆಯೇ ಇತ್ತು. ಹನ್ನೆರಡು ಸಾವಿರ ವರ್ಷಗಳಿಗೂ ಹಿಂದೆ ಯಾರೋ ಕೂತು ಪೋಣಿಸಿದ ತಲೆಪಟ್ಟಿ. ಸತ್ತವರಿಗೆ ಒಡವೆ ತೊಡಿಸಿ ಕಳಿಸುವುದನ್ನು ಕಂಡವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಲ್ಲೇ ಸಿಕ್ಕ ಕುಡುಗೋಲಿನ ಚಕ್ಕೆಗಳ ಬಾಯಿ ಹುಲ್ಲು ಕೊಯ್ದು ಕೊಯ್ದು ಮಿರುಗುತ್ತಿತ್ತು. ಇವರು ಬೇಸಾಯಗಾರರೇ ಎಂದು ಗ್ಯಾರೊಡ್ ತೀರ್ಮಾನಿಸಿದರು. ಅದು ತಪ್ಪಾಯಿತು, ಅವರು ಕೊಯ್ದದ್ದು ತಾನಾಗಿ ಬೆಳೆದ ಕಾಡುಧಾನ್ಯ ಎಂದು ಮುಂದೆ ತಿಳಿಯಿತು. ಆದರೂ ಬೇಸಾಯದ ಹೊಸ್ತಿಲಲ್ಲಿ ನಿಂತ ಜನರನ್ನು ಮೊದಲು ಕಂಡವರು ಅವರೇ.

ಸ್ಖುಲ್ ಕಥೆ ಬೇರೆ. ಅಲ್ಲಿ ಅಗೆದವರು ಗ್ಯಾರೊಡ್ ಅವರ ಕಿರಿಯ ಸಹೋದ್ಯೋಗಿ, ಅಮೆರಿಕದ ಥಿಯೊಡೋರ್ ಮ್ಯಾಕೌನ್. ಹತ್ತು ಮಂದಿಯ ಎಲುಬುಗಳು ಸಿಕ್ಕವು, ಮಕ್ಕಳದ್ದೂ ಸೇರಿ. ಒಬ್ಬನನ್ನು ಹೂಳುವಾಗ ಕಾಡುಹಂದಿಯ ದವಡೆಯನ್ನು ಅವನ ತೋಳುಗಳ ನಡುವೆ ಇಟ್ಟಿದ್ದರು. ಮಣ್ಣು ಕಾಂಕ್ರೀಟಿನಂತೆ ಗಟ್ಟಿಯಾಗಿದ್ದರಿಂದ ಇಡೀ ಬಂಡೆಯನ್ನೇ ಕತ್ತರಿಸಿ ಲಂಡನ್ನಿಗೆ ಸಾಗಿಸಿದರು. ಒಂದೊಂದು ಎಲುಬನ್ನು ಬಿಡಿಸಲು ವರ್ಷಗಳೇ ಹಿಡಿದವು. ತಬೂನಿನ ಹೆಂಗಸು ನಿಯಾಂಡರ್ತಾಲಳು. ಕೂಗಳತೆಯ ದೂರದಲ್ಲಿ ಸಿಕ್ಕ ಸ್ಖುಲ್‌ನ ಜನ ಹೆಚ್ಚುಕಡಿಮೆ ನಮ್ಮಂಥವರು. ಇಬ್ಬರ ಕೈಯ ಹತಾರ ಒಂದೇ ಬಗೆಯದು. ಮ್ಯಾಕೌನ್ ಮತ್ತು ಅಂಗರಚನಾ ತಜ್ಞ ಆರ್ಥರ್ ಕೀತ್ 1939ರ ಪುಸ್ತಕದಲ್ಲಿ ಇವರೆಲ್ಲ ಒಂದೇ ಜನ, ಒಬ್ಬರಿಗೊಬ್ಬರು ಸ್ವಲ್ಪ ಬೇರೆ ಅಷ್ಟೇ ಎಂದರು. ಇವರು ಎರಡು ಬೇರೆ ಕುಲಗಳವರು ಎಂದು ಮುಂದಿನವರು ಹೇಳಿದರು. ಸ್ಖುಲ್‌ನ ಸಮಾಧಿಗಳು ಲಕ್ಷ ವರ್ಷಕ್ಕೂ ಹಳೆಯವು ಎಂದು ಗೊತ್ತಾದಾಗ ಯುರೋಪಿನ ಪಾಠವೇ ತಲೆಕೆಳಗಾಯಿತು. ಯುರೋಪಿನಲ್ಲಿ ನಮ್ಮಂಥವರು ಬಂದದ್ದು ನಿಯಾಂಡರ್ತಾಲರ ನಂತರ. ಇಲ್ಲಾದರೋ ನಮ್ಮಂಥವರು ಬಂದು ಹೋದ ಎಷ್ಟೋ ಸಾವಿರ ವರ್ಷಗಳ ಮೇಲೂ ಇದೇ ಸೀಮೆಯಲ್ಲಿ ನಿಯಾಂಡರ್ತಾಲರು ಬದುಕಿದ್ದರು.

ಸಂಜೆ ಅಗೆತ ನಿಂತ ಮೇಲೆ ಯುಸ್ರಾ ಜಾಕೆಟ್ಟಾ ಜತೆ ಮಾತಾಡುತ್ತಿದ್ದರು. ತಾನೂ ಒಂದು ದಿನ ಕೇಂಬ್ರಿಜ್‌ಗೆ ಬಂದು ಓದುವ ಆಸೆ ಹೇಳಿಕೊಂಡರು. ಇಬ್ಬರೂ ಸೇರಿ ಆ ಕನಸನ್ನು ಬೆಳೆಸುತ್ತ ಕೂರುತ್ತಿದ್ದರಂತೆ. ದಶಕಗಳು ಕಳೆದರೂ ಜಾಕೆಟ್ಟಾ ಅದನ್ನು ಮರೆಯಲಿಲ್ಲ.

ಯುಸ್ರಾ ಹೋಗಬೇಕೆಂದಿದ್ದ ಕೇಂಬ್ರಿಜ್ ಹೇಗಿತ್ತು? ಅಲ್ಲಿ ಹೆಂಗಸರು ಗಂಡಸರ ಜತೆಗೇ ಪರೀಕ್ಷೆ ಬರೆಯಬಹುದಿತ್ತು, ಪಾಸಾಗಬಹುದಿತ್ತು, ಪದವಿ ಮಾತ್ರ ಕೊಡುತ್ತಿರಲಿಲ್ಲ. 1921ರ ಅಕ್ಟೋಬರಿನಲ್ಲಿ ಅವರಿಗೆ ಸದಸ್ಯತ್ವ ಕೊಡಬೇಕೆ ಎಂಬ ಪ್ರಸ್ತಾಪ ಮತಕ್ಕೆ ಬಂದು ಸೋತಿತು. ಹೆಸರಿಗಷ್ಟೇ ಪದವಿ ಎಂದಾಯಿತು. ಗೆದ್ದ ಹುಮ್ಮಸ್ಸಿನಲ್ಲಿ ಗಂಡು ವಿದ್ಯಾರ್ಥಿಗಳ ಗುಂಪೊಂದು ನ್ಯೂನಮ್ ಕಾಲೇಜಿಗೆ ನುಗ್ಗಿ, ಅಲ್ಲಿನ ಮೊದಲ ಪ್ರಾಂಶುಪಾಲೆ ಆ್ಯನ್ ಕ್ಲಫ್ ಅವರ ನೆನಪಿಗೆ ಹಾಕಿಸಿದ್ದ ಕಂಚಿನ ಗೇಟನ್ನು ಕೈಗಾಡಿಯಿಂದ ಗುದ್ದಿ ಗುದ್ದಿ ಜಖಂ ಮಾಡಿತು. 1926ರ ನಿಯಮ ಹೆಂಗಸರು ಪಾಠ ಹೇಳುವ ಹುದ್ದೆ ಹಿಡಿಯಬಹುದು ಎಂದಿತು. ಆದರೆ ವಿಶ್ವವಿದ್ಯಾಲಯದ ಸದಸ್ಯರಲ್ಲವಾದ್ದರಿಂದ ಆಡಳಿತದ ಯಾವ ವಿಷಯಕ್ಕೂ ಮತ ಹಾಕುವಂತಿರಲಿಲ್ಲ.

ಇಂಥ ಜಾಗದಲ್ಲಿ, 1939ರ ಮೇ ತಿಂಗಳಿನಲ್ಲಿ, ಪುರಾತತ್ವದ ಡಿಸ್ನಿ ಪೀಠಕ್ಕೆ ಡೊರೊಥಿ ಗ್ಯಾರೊಡ್ ಆಯ್ಕೆಯಾದರು. 1851ರಲ್ಲಿ ಸ್ಥಾಪನೆಯಾದ ಆ ಪೀಠದಲ್ಲಷ್ಟೇ ಅಲ್ಲ, ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೂ ಕಡೆ ಯಾವುದೇ ವಿಷಯದಲ್ಲಿ ಪ್ರೊಫೆಸರ್ ಆದ ಮೊದಲ ಹೆಂಗಸು. ಅರ್ಜಿ ಹಾಕುವಾಗ ಸಿಗುತ್ತದೆಂಬ ನಂಬಿಕೆ ಅವರಿಗೇ ಇರಲಿಲ್ಲ. ನ್ಯೂನಮ್‌ನಲ್ಲಿ ಹಬ್ಬದ ಸಡಗರ. ಹದಿನೆಂಟು ವರ್ಷ ಹಿಂದೆ ಗೇಟು ಮುರಿಸಿಕೊಂಡಿದ್ದ ಕಾಲೇಜು ಅದು, ಸಡಗರ ಸಹಜವೇ. ಪೀಠ ಸಿಕ್ಕಿತು, ಮತ ಸಿಗಲಿಲ್ಲ. ತನ್ನದೇ ಇಲಾಖೆಯ ಮುಖ್ಯಸ್ಥೆಗೆ ತನ್ನದೇ ವಿಶ್ವವಿದ್ಯಾಲಯದ ಸಭೆಯಲ್ಲಿ ಕೈ ಎತ್ತುವ ಹಕ್ಕಿಲ್ಲ. ಇದನ್ನು ಎಷ್ಟು ಸಲ ಓದಿದರೂ ನನಗೆ ಹೊಟ್ಟೆಯುರಿ ಕಡಿಮೆಯಾಗುವುದಿಲ್ಲ.

ತರಗತಿಯಲ್ಲಿ ಗ್ಯಾರೊಡ್ ಮಿಂಚುವ ಮಾತುಗಾರ್ತಿಯಾಗಿರಲಿಲ್ಲ. ಸಂಕೋಚದ ಸ್ವಭಾವ, ಮೆಲುದನಿ. ಪಾಠ ಒಣ ಎಂದು ವಿದ್ಯಾರ್ಥಿಗಳು ಹೇಳುತ್ತಿದ್ದರು. ಅಗೆಯುವ ಜಾಗದಲ್ಲಿ ಅವರನ್ನು ಕಂಡವರು ಮಾತ್ರ ಬೇರೆಯೇ ಮನುಷ್ಯರನ್ನು ವರ್ಣಿಸುತ್ತಾರೆ: ನಗು, ಹುರುಪು, ಬೆಟ್ಟ ಹತ್ತುವ ಚುರುಕು. ಪೀಠಕ್ಕೆ ಬಂದ ತಿಂಗಳುಗಳಲ್ಲೇ ಎರಡನೆಯ ಮಹಾಯುದ್ಧ ಸುತ್ತಿಕೊಂಡಿತ್ತು. 1942ರಲ್ಲಿ, ಐವತ್ತರ ವಯಸ್ಸಿನಲ್ಲಿ, ಅವರು ವಾಯುಪಡೆಯ ಮಹಿಳಾ ವಿಭಾಗ ಸೇರಿದರು. ಮೆಡ್ಮೆನಮ್ ಎಂಬಲ್ಲಿ ವಿಮಾನದಿಂದ ತೆಗೆದ ಶತ್ರುನೆಲದ ಫೋಟೊಗಳನ್ನು ಭೂತಗನ್ನಡಿಯಡಿ ಓದುವ ಕೆಲಸ. ಮಣ್ಣಿನ ಬಣ್ಣದ ಸಣ್ಣ ವ್ಯತ್ಯಾಸವನ್ನೂ ಹಿಡಿಯುವ ಕಣ್ಣು ಇಲ್ಲಿಯೂ ಬೇಕಿತ್ತು. ಪುರಾತತ್ವಜ್ಞರು ಹಲವರು ಈ ಕೆಲಸಕ್ಕೆ ಹೋದರು. ಗ್ಲಿನ್ ಡೇನಿಯಲ್, ಸ್ಟುವರ್ಟ್ ಪಿಗಟ್ ಇದೇ ಕೆಲಸದ ಮೇಲೆ ನಮ್ಮ ದೇಶಕ್ಕೂ ಬಂದರು. ಭಾರತದ ಪ್ರಾಗಿತಿಹಾಸದ ಮೇಲೆ ಪಿಗಟ್ 1950ರಲ್ಲಿ ಬರೆದ ಪುಸ್ತಕ ಆ ವಾಸದ ಫಲ.

1948ರಲ್ಲಿ ಕೇಂಬ್ರಿಜ್ ಕೊನೆಗೂ ಹೆಂಗಸರನ್ನು ಪೂರ್ಣ ಸದಸ್ಯರೆಂದು ಒಪ್ಪಿತು. ಅಕ್ಟೋಬರಿನಲ್ಲಿ ರಾಣಿಯವರಿಗೆ ಗೌರವ ಪದವಿ ಕೊಟ್ಟು ಆ ಹೊಸ ಕಾಲಕ್ಕೆ ಬಾಗಿಲು ತೆರೆಯಿತು. ಒಂಬತ್ತು ವರ್ಷ ಪ್ರೊಫೆಸರ್ ಆಗಿದ್ದ ಗ್ಯಾರೊಡ್ ಈಗ ಸದಸ್ಯೆಯೂ ಆದರು. ಅದೇ ವರ್ಷದ ಜುಲೈ ಕೊನೆಯಲ್ಲಿ, ಪ್ಯಾಲೆಸ್ತೀನಿನ ಯುದ್ಧದ ನಡುವೆ, ಕಾರ್ಮೆಲ್ ಬುಡದ ಜಬಾ ಮತ್ತು ಇಜ್‌ಝಿಮ್ ಹಳ್ಳಿಗಳು ಬರಿದಾದವು. ಗವಿಯಲ್ಲಿ ಏಳು ಹಂತ ದುಡಿದ ಹೆಂಗಸರ ಹಳ್ಳಿಗಳು ಅವು. ಜನ ಮನೆ, ಒಲೆ, ಆಲಿವ್ ತೋಪು ಬಿಟ್ಟು ಹೋದರು, ಮರಳಿ ಬರಲಿಲ್ಲ.

1952ರಲ್ಲಿ, ಅರವತ್ತಕ್ಕೆ, ಗ್ಯಾರೊಡ್ ಪೀಠ ಬಿಟ್ಟು ಫ್ರಾನ್ಸಿಗೆ ಹೋದರು. ಮನಸ್ಸು ಅಷ್ಟರಲ್ಲಾಗಲೇ ಅಲ್ಲಿತ್ತು. ಆಂಗ್ಲ್-ಸುರ್-ಲಾಂಗ್ಲಾಂ ಎಂಬ ಊರಿನ ಹೊಳೆದಂಡೆಯ ಬಂಡೆಯಾಸರೆಯಲ್ಲಿ ಗೆಳತಿ ಸುಝಾನ್ ದ ಸ್ಯಾಂ-ಮಾತುರ‍್ಯಾಂ ಜತೆ ಅವರು ಬಯಲಿಗೆ ತಂದದ್ದು ಬಂಡೆಯ ಮೇಲೆ ಉಬ್ಬಿಸಿ ಕೆತ್ತಿದ ಒಂದು ಸಾಲು ಶಿಲ್ಪ: ಕುದುರೆ, ಕಾಡೆಮ್ಮೆ, ಬೆಟ್ಟದ ಆಡು, ಹೆಂಗಸರ ಮೈಗಳು. ಸುಮಾರು ಹದಿನೈದು ಸಾವಿರ ವರ್ಷ ಹಿಂದಿನ ಕೈಗಳ ಕೆಲಸ. ನಡುನಡುವೆ ಲೆಬನಾನಿನ ಕಡಲದಂಡೆಯ ಗವಿಗಳಿಗೂ ಹೋದರು. ಅಡ್ಲೂನ್‌ನಲ್ಲಿ ಅಗೆದದ್ದು 1963ರಲ್ಲಿ, ಎಪ್ಪತ್ತು ದಾಟಿದ ಮೇಲೆ. 1968ರಲ್ಲಿ ಲಂಡನ್ನಿನ ಪುರಾತತ್ವ ಸಂಘ ತನ್ನ ಚಿನ್ನದ ಪದಕವನ್ನು ಮೊದಲ ಬಾರಿಗೆ ಒಬ್ಬ ಹೆಂಗಸಿಗೆ ಕೊಟ್ಟಿತು, ಅವರಿಗೆ. ಆ ಡಿಸೆಂಬರ್ 18ರಂದು ಕೇಂಬ್ರಿಜ್‌ನಲ್ಲಿ ತೀರಿಕೊಂಡರು.

ಅವರು ಬಿಟ್ಟ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 1938ರಲ್ಲಿ ಬಲ್ಗೇರಿಯಾದ ಬಾಚೋ ಕಿರೊ ಗವಿಯಲ್ಲಿ ಅವರ ತಂಡ ಒಂದಿಷ್ಟು ಅಗೆದು ಬಂದಿತ್ತು. ಅದೇ ಗವಿಯನ್ನು ಮತ್ತೆ ಅಗೆದವರಿಗೆ ಒಂದು ದವಡೆಹಲ್ಲೂ ಗುರುತೇ ಸಿಗದಷ್ಟು ಸಣ್ಣ ಸಾವಿರಾರು ಎಲುಬಿನ ಚೂರುಗಳೂ ದೊರೆತವು. ಪ್ರತಿ ಚೂರಿನ ಪ್ರೋಟೀನನ್ನು ಪರೀಕ್ಷಿಸಿ ಯಾವುದು ಪ್ರಾಣಿಯದು, ಯಾವುದು ಮನುಷ್ಯರದು ಎಂದು ಬೇರ್ಪಡಿಸಿದರು. ಅವು ಸುಮಾರು 45,000 ವರ್ಷ ಹಿಂದೆ ಯುರೋಪಿಗೆ ಬಂದ ನಮ್ಮಂಥ ಮೊದಲಿಗರ ಎಲುಬುಗಳು ಎಂದು 2020ರಲ್ಲಿ ಪ್ರಕಟವಾಯಿತು. ಯುಸ್ರಾ ಕಣ್ಣಿನಿಂದ ಮಾಡುತ್ತಿದ್ದ ಆರಿಸುವ ಕೆಲಸವನ್ನು ಅಲ್ಲಿ ಯಂತ್ರ ಮಾಡಿತು.

ಗ್ಯಾರೊಡ್ ಅವರ ದಿನಚರಿ, ಫೋಟೊಗಳೆಲ್ಲ ನಾಶವಾಗಿವೆ ಎಂದೇ ಬಹುಕಾಲ ಜನ ನಂಬಿದ್ದರು. 1990ರ ದಶಕದಲ್ಲಿ ಸಂಶೋಧಕಿ ಪಮೆಲಾ ಜೇನ್ ಸ್ಮಿತ್ ಪ್ಯಾರಿಸ್ ಹತ್ತಿರದ ಸ್ಯಾಂ-ಜರ್ಮ್ಯಾಂ-ಆಂ-ಲೇ ಮ್ಯೂಸಿಯಮ್ಮಿನಲ್ಲಿ ಅವು ಪೆಟ್ಟಿಗೆಗಳಲ್ಲಿ ಭದ್ರವಾಗಿರುವುದನ್ನು ಕಂಡರು. ಗೆಳತಿ ಸುಝಾನ್ ಉಳಿಸಿಟ್ಟಿದ್ದರು. 2012ರಲ್ಲಿ ಯುನೆಸ್ಕೊ ಕಾರ್ಮೆಲ್‌ನ ಆ ಕಣಿವೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಜಿಬ್ರಾಲ್ಟರ್‌ನ ಗಂಡುಮಗುವಿನ ಐದು ಚೂರುಗಳೂ ತಬೂನಿನ ಹೆಂಗಸಿನ ಎಲುಬುಗಳೂ ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ, ಒಂದೇ ಸೂರಿನಡಿ ಇವೆ. ಚಪ್ಪಟೆಯಾಗಿದ್ದ ಆ ಬುರುಡೆಯನ್ನು ತುಣುಕು ತುಣುಕಾಗಿ ಜೋಡಿಸಿ ಮತ್ತೆ ದುಂಡಗೆ ಮಾಡಿದ್ದಾರೆ; ಹಲ್ಲುಗಳು ದವಡೆಯಲ್ಲಿವೆ.